ತ್ರಿಕೋನ ಸರಣಿ ಎಲ್ಲೂ ಹೋಗಿಲ್ಲ, ಭಾರತ ಮಾತ್ರ ಅದರಲ್ಲಿಲ್ಲ

ಮೊಬೈಲ್‌ನಲ್ಲಿ ಸ್ಕೋರ್ ನೋಡುವ ಆ್ಯಪ್ ತೆರೆದರೆ ಈಗೀಗ ಒಂದು ವಿಚಿತ್ರ ಕಾಣುತ್ತದೆ. ನೇಪಾಳ, ನಮೀಬಿಯಾ, ನೆದರ್ಲೆಂಡ್ಸ್ ಸೇರಿ ಆಡುವ ತ್ರಿಕೋನ ಏಕದಿನ ಸರಣಿ. ಸ್ವಲ್ಪ ದಿನ ಬಿಟ್ಟು ನೋಡಿದರೆ ಬೇರೆ ಮೂರು ತಂಡಗಳ ಇನ್ನೊಂದು ಸರಣಿ. ಆರು ಪಂದ್ಯ ಆಡುತ್ತಾರೆ. ಫೈನಲ್ ಇಲ್ಲ, ಕಪ್ ಎತ್ತುವ ಫೋಟೊ ಇಲ್ಲ, ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಶಾರ್ಜಾ ಪಂದ್ಯ ನೋಡಿ ಬೆಳೆದವರಿಗೆ ಇದೆಂಥ ಸರಣಿ ಅನ್ನಿಸುವುದು ಸಹಜ.

ಇದರ ನಡುವೆ 2025ರ ಫೆಬ್ರವರಿಯಲ್ಲಿ ಪಾಕಿಸ್ತಾನ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಹಳೇ ಕ್ರಮದಲ್ಲೇ ಫೈನಲ್ ಇಟ್ಟು ಆಡಿದವು. ಅದೇ ವರ್ಷ ಮೇ ತಿಂಗಳಲ್ಲಿ ಭಾರತದ ಮಹಿಳೆಯರು ಕೊಲಂಬೊದಲ್ಲಿ ತ್ರಿಕೋನ ಸರಣಿ ಗೆದ್ದರು. ಪುರುಷರ ತಂಡ ಮಾತ್ರ ಕೊನೆಯ ಸಲ ಏಕದಿನ ತ್ರಿಕೋನ ಸರಣಿ ಆಡಿದ್ದು 2015ರ ಆರಂಭದಲ್ಲಿ, ಆಸ್ಟ್ರೇಲಿಯಾದಲ್ಲಿ. ಅಲ್ಲಿ ಒಂದೂ ಪಂದ್ಯ ಗೆಲ್ಲದೆ ಹೊರಬಿತ್ತು. ಸುರತ್ಕಲ್‌ನಲ್ಲಿ ಓದಿ, ಮಂಗಳೂರಿನಲ್ಲಿ ಆಟ ಕಲಿತ ಕೆ.ಎಲ್. ರಾಹುಲ್ ಏಕದಿನ ಕ್ರಿಕೆಟ್‌ಗೆ ಕಾಲಿಟ್ಟದ್ದು 2016ರ ಜೂನ್‌ನಲ್ಲಿ, ಹರಾರೆಯಲ್ಲಿ. ಮೊದಲ ಪಂದ್ಯದಲ್ಲೇ ಶತಕ. ಅಲ್ಲಿಂದ ವಿಶ್ವಕಪ್ ಫೈನಲ್‌ವರೆಗೂ ಹೋಗಿಬಂದರು. ಆದರೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್ ವರ್ಷಕ್ಕೆ ಒಂದೆರಡಾದರೂ ಆಡುತ್ತಿದ್ದ ತ್ರಿಕೋನ ಸರಣಿ ರಾಹುಲ್ ಅವರ ಏಕದಿನ ಲೆಕ್ಕದಲ್ಲೇ ಇಲ್ಲ.

ಹಾಗಾದರೆ ಈ ಮಾದರಿ ಸತ್ತಿದೆಯೋ ಬದುಕಿದೆಯೋ? ಟಿವಿ ದುಡ್ಡಿನಲ್ಲಿ ಬದುಕುವ ತಂಡಗಳಿಗೆ ಅದು ದುಬಾರಿ. ಟಿವಿ ದುಡ್ಡೇ ಇಲ್ಲದ ತಂಡಗಳಿಗೆ ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಗೊಂದಲದ ಮೂಲ ಇಲ್ಲಿದೆ.

ಹುಟ್ಟಿಸಿದ್ದೂ ಟಿವಿಯೇ

1977ರಲ್ಲಿ ಆಸ್ಟ್ರೇಲಿಯಾದ ಟಿವಿ ದೊರೆ ಕೆರ್ರಿ ಪ್ಯಾಕರ್‌ಗೆ ಕ್ರಿಕೆಟ್ ಪ್ರಸಾರದ ಹಕ್ಕು ಸಿಗಲಿಲ್ಲ. ಆತ ಆಟಗಾರರನ್ನೇ ಖರೀದಿಸಿ ತನ್ನದೇ ಕ್ರಿಕೆಟ್ ಶುರುಮಾಡಿದ. ಬಣ್ಣದ ಬಟ್ಟೆ, ಬಿಳಿ ಚೆಂಡು, ರಾತ್ರಿ ದೀಪದ ಆಟ ಎಲ್ಲ ಮೆರೆದದ್ದು ಅಲ್ಲಿ. 1979ರಲ್ಲಿ ಮಂಡಳಿ ಜೊತೆ ರಾಜಿಯಾಯಿತು. ಆ ಬೇಸಿಗೆಯಿಂದಲೇ ಆಸ್ಟ್ರೇಲಿಯಾದಲ್ಲಿ ಮೂರು ತಂಡಗಳ ಸರಣಿ ಕಾಯಂ ಆಯಿತು. ಮೊದಲ ವರ್ಷ ಆಸ್ಟ್ರೇಲಿಯಾ, ಇಂಗ್ಲೆಂಡ್, ವೆಸ್ಟ್ ಇಂಡೀಸ್.

ಲೆಕ್ಕ ಸರಳ. ಎರಡು ವಿದೇಶಿ ತಂಡ ಬಂದರೆ ಬೇಸಿಗೆ ಪೂರ್ತಿ ಟಿವಿಗೆ ಸರಕು. ಬೇರೆ ಚಾನೆಲ್‌ಗಳ ಸಂಖ್ಯೆ ಕಡಿಮೆ, ನೋಡುವವರಿಗೆ ಆಯ್ಕೆಯೂ ಕಡಿಮೆ. ತವರು ತಂಡ ಆಡದ ದಿನವೂ ಜನ ಟಿವಿ ಹಾಕುತ್ತಿದ್ದರು.

1981ರ ಫೆಬ್ರವರಿ 1ರ ಕುಖ್ಯಾತ ಘಟನೆ ನಡೆದದ್ದೂ ಇಂಥದೇ ಸರಣಿಯ ಮೂರನೇ ಫೈನಲ್‌ನಲ್ಲಿ, ಮೆಲ್ಬರ್ನ್‌ನಲ್ಲಿ. ಆಗ ಫೈನಲ್ ಅಂದರೆ ಒಂದೇ ಪಂದ್ಯವಲ್ಲ. ಕೊನೆಯ ಎಸೆತಕ್ಕೆ ಟೈ ಮಾಡಲು ನ್ಯೂಜಿಲೆಂಡ್‌ಗೆ 6 ಬೇಕಿತ್ತು. ಆಸ್ಟ್ರೇಲಿಯಾ ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ಅಂಡರ್‌ಆರ್ಮ್ ಆಗಿ, ಅಂದರೆ ಕೈ ಮೇಲೆತ್ತದೆ, ನೆಲದ ಮೇಲೆ ಉರುಳಿಸಲು ಹೇಳಿದರು. ಜಗತ್ತು ಛೀ ಥೂ ಅಂದಿತು. ಮಂಗಳೂರು, ಉಡುಪಿಯ ಓದುಗರಿಗೆ ಇದು ಸ್ವಲ್ಪ ತಮಾಷೆಯಾಗಿ ಕಾಣಬಹುದು. ಇಲ್ಲಿ ಮಳೆ ಬಿಟ್ಟ ಕೂಡಲೇ ರಸ್ತೆ ಬದಿಯಲ್ಲಿ ‘ಹೊನಲು ಬೆಳಕಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ’ ಅಂತ ಫ್ಲೆಕ್ಸ್ ಏಳುತ್ತದೆ, ಪ್ರಥಮ ಬಹುಮಾನ ನಗದು ಮತ್ತು ಟ್ರೋಫಿ. ಮೆಲ್ಬರ್ನ್‌ನಲ್ಲಿ ಹಗರಣ, ನಮ್ಮಲ್ಲಿ ಅಪ್ಪಟ ಆಟ. ಇರಲಿ.

ಕರಾವಳಿಗೆ ಇದು ಬಂದದ್ದು ಶಾರ್ಜಾದ ದಾರಿಯಲ್ಲಿ

1984ರಲ್ಲಿ ಮೊದಲ ಏಷ್ಯಾ ಕಪ್ ನಡೆದದ್ದು ಶಾರ್ಜಾದಲ್ಲಿ. ಆಡಿದ್ದು ಭಾರತ, ಶ್ರೀಲಂಕಾ, ಪಾಕಿಸ್ತಾನ, ಮೂರೇ ತಂಡ. ಫೈನಲ್ ಇರಲಿಲ್ಲ, ಎರಡೂ ಪಂದ್ಯ ಗೆದ್ದ ಭಾರತಕ್ಕೆ ಕಪ್. ಅಂದರೆ ಏಷ್ಯಾ ಕಪ್ ಶುರುವಾದದ್ದೇ ತ್ರಿಕೋನ ಸರಣಿಯಾಗಿ. ಆಮೇಲೆ ಶಾರ್ಜಾದಲ್ಲಿ ಮೂರು ತಂಡಗಳ ಕಪ್‌ಗಳು ವರ್ಷ ವರ್ಷ ನಡೆದವು. ತಟಸ್ಥ ನೆಲ ಅನ್ನುವುದು ಹೆಸರಿಗಷ್ಟೇ. ಗ್ಯಾಲರಿಯಲ್ಲಿ ಕೂರುತ್ತಿದ್ದವರು ಗಲ್ಫ್‌ನಲ್ಲಿ ದುಡಿಯುವ ಭಾರತೀಯರು ಮತ್ತು ಪಾಕಿಸ್ತಾನಿಗಳು. ಅವರಲ್ಲಿ ನಮ್ಮ ಕರಾವಳಿಯವರಿಗೆ ಬರವಿರಲಿಲ್ಲ. ಶುಕ್ರವಾರ ಅಲ್ಲಿ ರಜೆ, ಆಟಕ್ಕೆ ಹೇಳಿಮಾಡಿಸಿದ ದಿನ.

2000ದಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣ ಸ್ಫೋಟವಾಯಿತು. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಶಾರ್ಜಾದಂಥ ಜಾಗಗಳಿಗೆ ಭಾರತ ತಂಡ ಹೋಗುವುದನ್ನು ತಡೆಯಿತು. ಭಾರತವಿಲ್ಲದ ಶಾರ್ಜಾ ಬೇಗ ಮಂಕಾಯಿತು. ಒಂದು ತಂಡ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಇಡೀ ಸರಣಿಯ ಬೆಲೆ ನಿಲ್ಲುತ್ತದೆ ಎಂದು ಮೊದಲು ತೋರಿಸಿದ್ದು ಅದೇ.

ಮೂರನೆಯವರ ಹಣೆಬರಹ

ಇಬ್ಬರ ಸರಣಿಯಲ್ಲಿ ಗೊಂದಲವೇ ಇಲ್ಲ. ಜಾಸ್ತಿ ಗೆದ್ದವರು ಗೆದ್ದರು. ಮೂವರಾದರೆ ಕತೆ ಬೇರೆ. ಯಾವಾಗಲೂ ಇಬ್ಬರು ಮೈದಾನದಲ್ಲಿ, ಒಬ್ಬರು ಹೋಟೆಲ್‌ನಲ್ಲಿ. ಹೋಟೆಲ್‌ನಲ್ಲಿ ಕೂತವರ ಭವಿಷ್ಯ ಆಡುತ್ತಿರುವ ಇಬ್ಬರ ಕೈಯಲ್ಲಿ.

ಪ್ರತಿ ತಂಡ ಉಳಿದ ಎರಡನ್ನೂ ಒಂದೊಂದು ಸಲ ಎದುರಿಸಿದರೆ ಲೀಗ್‌ನಲ್ಲಿ ಮೂರು ಪಂದ್ಯ. ಮಳೆ, ಟೈ ಬಿಟ್ಟರೆ ಒಟ್ಟು 8 ರೀತಿಯಲ್ಲಿ ಫಲಿತಾಂಶ ಬರಬಹುದು. ಅದರಲ್ಲಿ 6 ಸಲ ಒಬ್ಬರು ಎರಡು ಗೆದ್ದು, ಇನ್ನೊಬ್ಬರು ಒಂದು ಗೆದ್ದು, ಮೂರನೆಯವರು ಎರಡೂ ಸೋತಿರುತ್ತಾರೆ. ಉಳಿದ 2 ಸಲ ಮೂವರೂ ಒಂದೊಂದು ಗೆದ್ದು ಸಮ. ತಂಡಗಳ ಬಲ ಒಂದೇ ಎಂದುಕೊಂಡರೆ ನಾಲ್ಕು ಸರಣಿಗೊಂದು ಹೀಗೆ ಕಗ್ಗಂಟಾಗುತ್ತದೆ. ಆಗ ನೆಟ್ ರನ್ ರೇಟ್ ಹುಡುಕಬೇಕು.

ನೆಟ್ ರನ್ ರೇಟ್ ಅಂದರೆ ನೀವು ಓವರ್‌ಗೆ ಸರಾಸರಿ ಎಷ್ಟು ಹೊಡೆದಿರಿ, ಅದರಲ್ಲಿ ಎಷ್ಟು ಕೊಟ್ಟಿರಿ ಎಂಬುದನ್ನು ಕಳೆಯುವುದು. ಜನ ಎಡವುವುದು ಒಂದು ಕಡೆ. ತಂಡ 40 ಓವರ್‌ಗೆ 200ಕ್ಕೆ ಆಲ್‌ಔಟ್ ಆದರೆ ಭಾಗಿಸುವುದು 40ರಿಂದಲ್ಲ, ಪೂರ್ತಿ 50ರಿಂದ. ಹಾಗಾಗಿ ರೇಟ್ 5 ಆಗದೆ 4 ಆಗುತ್ತದೆ. ಎದುರಾಳಿ ಆ ಗುರಿಯನ್ನು 35 ಓವರ್‌ಗೆ ಮುಟ್ಟಿದರೆ ಅವರಿಗೆ ಮಾತ್ರ ಆ 35 ಓವರ್‌ನ ಲೆಕ್ಕ. ಒಂದು ಕೆಟ್ಟ ದಿನ ಇಡೀ ಸರಣಿಯನ್ನು ಮುಳುಗಿಸುವುದು ಹೀಗೆ.

ಇದರ ಅತಿ ಪ್ರಸಿದ್ಧ ಉದಾಹರಣೆ ಎಲ್ಲರಿಗೂ ನೆನಪಿದೆ, ಆದರೆ ಅರ್ಧ ಮಾತ್ರ. 1998ರ ಏಪ್ರಿಲ್ 22, ಶಾರ್ಜಾ, ಮರಳು ಬಿರುಗಾಳಿ, ಸಚಿನ್ 143. ಆಸ್ಟ್ರೇಲಿಯಾ ಎದುರಿನ ಆ ಪಂದ್ಯ ಭಾರತ ಸೋತಿತ್ತು! ಅಂಕದಲ್ಲಿ ಭಾರತ, ನ್ಯೂಜಿಲೆಂಡ್ ಸಮವಾಗಿದ್ದವು. ಗೆಲ್ಲಲು 285 ಬೇಕಿತ್ತು, ರನ್ ರೇಟ್‌ನಲ್ಲಿ ನ್ಯೂಜಿಲೆಂಡನ್ನು ದಾಟಲು 254 ಸಾಕಿತ್ತು. ಬಿರುಗಾಳಿಗೆ ಓವರ್ 46ಕ್ಕೆ ಇಳಿಯಿತು. ಗೆಲುವಿನ ಗುರಿ 276, ಫೈನಲ್‌ನ ಗುರಿ 237. ಸಚಿನ್ ಎರಡನೆಯದನ್ನು ದಾಟಿಸಿ, ಮೊದಲನೆಯದಕ್ಕೂ ಬೆನ್ನುಹತ್ತಿ ಔಟಾದರು. ಭಾರತ 250ಕ್ಕೆ ನಿಂತು 26 ರನ್‌ಗಳಿಂದ ಸೋತು ಫೈನಲ್ ತಲುಪಿತು. ಮೈದಾನಕ್ಕೆ ಇಳಿಯದ ನ್ಯೂಜಿಲೆಂಡ್ ಮನೆಗೆ ಹೋಯಿತು. ಎರಡು ದಿನ ಬಿಟ್ಟು, ಸಚಿನ್ ಹುಟ್ಟುಹಬ್ಬದಂದೇ, ಭಾರತಕ್ಕೆ ಕಪ್.

ಈ ನಿಯಮದಲ್ಲಿ ಚಾಣಾಕ್ಷತನಕ್ಕೂ ಜಾಗವಿದೆ. ಆಸ್ಟ್ರೇಲಿಯಾದಲ್ಲಿ 2001-02ರ ಸರಣಿಗೆ ಬೋನಸ್ ಅಂಕ, ಅಂದರೆ ಭರ್ಜರಿಯಾಗಿ ಗೆದ್ದವರಿಗೆ ಹೆಚ್ಚುವರಿ ಅಂಕ, ತಂದರು. ದಕ್ಷಿಣ ಆಫ್ರಿಕಾ ವಿರುದ್ಧ ಪರ್ತ್‌ನಲ್ಲಿ ಸೋಲು ಖಚಿತ ಎಂದಾದಾಗ ನ್ಯೂಜಿಲೆಂಡ್ ಬೇಕೆಂದೇ ಅವರಿಗೆ ಬೋನಸ್ ಬಿಟ್ಟುಕೊಟ್ಟಿತು. ಕಾರಣ ಏನು? ದಕ್ಷಿಣ ಆಫ್ರಿಕಾದ ಅಂಕ ಏರಿದರೆ ಕೊನೆಯ ಪಂದ್ಯದಲ್ಲಿ ಆಸ್ಟ್ರೇಲಿಯಾಕ್ಕೆ ಬರೇ ಗೆಲುವು ಸಾಲದು, ಬೋನಸ್ ಸಮೇತ ಗೆಲ್ಲಬೇಕು. ಆಸ್ಟ್ರೇಲಿಯಾ ಗೆದ್ದಿತು, ಬೋನಸ್ ಸಿಗಲಿಲ್ಲ. ತವರಿನ ಫೈನಲ್‌ಗೆ ತವರು ತಂಡವೇ ಇಲ್ಲ. ಅದೇ ತಿಂಗಳು ಸ್ಟೀವ್ ವಾ ಏಕದಿನ ನಾಯಕತ್ವ ಕಳೆದುಕೊಂಡರು. ಇದನ್ನು ಮೋಸ ಎನ್ನಲು ಬರುವುದಿಲ್ಲ. ನಿಯಮವೇ ಹಾಗೆ ಆಡಿ ಎಂದು ಕರೆದಿತ್ತು.

ಹತ್ತು ವರ್ಷದ ಬಳಿಕ ಅದೇ ಬೋನಸ್ ನಮಗೆ ಕೊಹ್ಲಿಯನ್ನು ಕೊಟ್ಟಿತು. 2012ರ ಫೆಬ್ರವರಿ 28, ಹೋಬಾರ್ಟ್. ಶ್ರೀಲಂಕಾ 320 ಹೊಡೆದಿತ್ತು. ಬೋನಸ್‌ಗೆ ಎದುರಾಳಿಯ ಒಂದೂಕಾಲು ಪಟ್ಟು ವೇಗ ಬೇಕು, ಅಂದರೆ 321ನ್ನು 40 ಓವರ್‌ನಲ್ಲಿ ಮುಟ್ಟಬೇಕು. ಕೊಹ್ಲಿ 86 ಎಸೆತಕ್ಕೆ ಔಟಾಗದೆ 133, ಮಾಲಿಂಗ ಅವರ ಒಂದೇ ಓವರ್‌ಗೆ 24. ಪಂದ್ಯ 36.4 ಓವರ್‌ಗೇ ಮುಗಿಯಿತು. ಇಷ್ಟೆಲ್ಲ ಮಾಡಿಯೂ ಭಾರತ ಫೈನಲ್ ಆಡಲಿಲ್ಲ. ಮೂರು ದಿನ ಕಳೆದು ಮೆಲ್ಬರ್ನ್‌ನಲ್ಲಿ ಶ್ರೀಲಂಕಾ ಆಸ್ಟ್ರೇಲಿಯಾವನ್ನು 9 ರನ್‌ಗಳಿಂದ ಸೋಲಿಸಿತು, ಭಾರತ ಹೊರಗೆ.

ಒಂದೇ ನಿಯಮ ಪರ್ತ್‌ನಲ್ಲಿ ಕುತಂತ್ರ ಹುಟ್ಟಿಸಿತು, ಹೋಬಾರ್ಟ್‌ನಲ್ಲಿ ಅದ್ಭುತ ಇನಿಂಗ್ಸ್ ಹುಟ್ಟಿಸಿತು. ಅಭಿಮಾನಿಗಳು ಇದನ್ನು ರೋಚಕ ಅನ್ನುತ್ತಾರೆ, ತಂಡದ ಮ್ಯಾನೇಜರ್‌ಗಳು ತಲೆನೋವು ಅನ್ನುತ್ತಾರೆ. ಇಬ್ಬರದೂ ಸರಿ.

ಮೂರರಲ್ಲೊಂದು ಪಂದ್ಯದ ಸಮಸ್ಯೆ

ಇಷ್ಟು ರೋಚಕವಾದರೆ ನಿಂತದ್ದು ಯಾಕೆ? ಈ ಮಾದರಿಯ ಹೊಟ್ಟೆಯಲ್ಲೇ ಒಂದು ಭಾಗಾಕಾರ ಕೂತಿದೆ. ಎಷ್ಟು ಸುತ್ತು ಆಡಿಸಿದರೂ ಲೀಗ್ ಪಂದ್ಯಗಳಲ್ಲಿ ಸರಿಯಾಗಿ ಮೂರನೇ ಒಂದು ಭಾಗದಲ್ಲಿ ತವರು ತಂಡ ಇರುವುದಿಲ್ಲ. ಮೂರು ಪಂದ್ಯವಾದರೆ ಒಂದು, ಒಂಬತ್ತಾದರೆ ಮೂರು, ಹನ್ನೆರಡಾದರೆ ನಾಲ್ಕು.

ಈಗ ಭಾರತದ ಲೆಕ್ಕ ನೋಡಿ. 2023ರಿಂದ 2028ರವರೆಗೆ ತವರಿನ ಪಂದ್ಯಗಳ ಪ್ರಸಾರ ಹಕ್ಕನ್ನು ವಯಾಕಾಮ್18 ಪಡೆದದ್ದು 88 ಪಂದ್ಯಕ್ಕೆ 5,963 ಕೋಟಿ ರೂಪಾಯಿಗೆ. ಪಂದ್ಯಕ್ಕೆ ಸುಮಾರು 67.8 ಕೋಟಿ. ಈ ದರ ಭಾರತ ಆಡುವ ಪಂದ್ಯದ್ದು. ಒಂಬತ್ತು ಲೀಗ್ ಪಂದ್ಯಗಳ ತ್ರಿಕೋನ ಸರಣಿ ಇಟ್ಟರೆ ಮೂರು ಪಂದ್ಯದಲ್ಲಿ ಭಾರತ ಇಲ್ಲ. ವಾರದ ಮಧ್ಯೆ ಎರಡು ವಿದೇಶಿ ತಂಡಗಳ ಆಟಕ್ಕೆ ಜಾಹೀರಾತು ಎಷ್ಟು ಬರುತ್ತದೆ, ಗ್ಯಾಲರಿ ಎಷ್ಟು ತುಂಬುತ್ತದೆ? ಸ್ಟೇಡಿಯಂ ಬಾಡಿಗೆ, ಪೊಲೀಸ್ ಬಂದೋಬಸ್ತ್, ಕ್ಯಾಮೆರಾ ತಂಡ, ಹೋಟೆಲ್, ವಿಮಾನ ಯಾವುದೂ ಕಡಿಮೆಯಾಗುವುದಿಲ್ಲ. ಖರ್ಚು ಪೂರ್ತಿ, ಆದಾಯ ಚೂರು.

ಇನ್ನೊಂದು ಭಯವೂ ಇದೆ. ತವರು ತಂಡ ಫೈನಲ್ ತಲುಪದಿದ್ದರೆ ಅತಿ ಹೆಚ್ಚು ದುಡ್ಡು ತರಬೇಕಾದ ದಿನವೇ ನಷ್ಟದ ದಿನ. ಎರಡು ತಂಡಗಳ ಸರಣಿಯಲ್ಲಿ ಈ ಅಪಾಯವೇ ಇಲ್ಲ. ಮೂರು ಪಂದ್ಯದಲ್ಲಿ ಎರಡು ಸೋತರೂ ಮೂರನೆಯದಕ್ಕೆ ಭಾರತ ಇದ್ದೇ ಇರುತ್ತದೆ. ಪಂದ್ಯ ನೀರಸ ಇರಬಹುದು, ಜಾಹೀರಾತು ಓಡುತ್ತದೆ.

ಕ್ಯಾಲೆಂಡರ್‌ನಲ್ಲೂ ಜಾಗವಿಲ್ಲ

ಆಸ್ಟ್ರೇಲಿಯಾ ವರ್ಷ ವರ್ಷ ನಡೆಸುತ್ತಿದ್ದ ತ್ರಿಕೋನ ಸರಣಿಯನ್ನು 2007-08ರ ಬಳಿಕ ಕೈಬಿಟ್ಟಿತು. ಆಮೇಲೆ ಅಪರೂಪಕ್ಕೆ ಮಾತ್ರ ಆಡಿಸಿತು. 2007-08ರ ಆ ಸರಣಿಯಲ್ಲಿ 12 ಲೀಗ್ ಪಂದ್ಯ, ಮೇಲೆ ಎರಡು ಫೈನಲ್. ಫೆಬ್ರವರಿ ಆರಂಭದಲ್ಲಿ ಶುರುವಾದದ್ದು ಮಾರ್ಚ್ 4ಕ್ಕೆ ಮುಗಿಯಿತು. ಧೋನಿ ನಾಯಕತ್ವದ ಭಾರತ ಎರಡೂ ಫೈನಲ್ ಗೆದ್ದಿತು. ಮೊದಲನೆಯದರಲ್ಲಿ ಸಚಿನ್ 117, ಎರಡನೆಯದರಲ್ಲಿ 91.

ಅದೇ ಸರಣಿಯ ನಡುವೆ, ಫೆಬ್ರವರಿ 20ರಂದು, ಮುಂಬೈಯಲ್ಲಿ ಐಪಿಎಲ್‌ನ ಮೊದಲ ಹರಾಜು ನಡೆಯಿತು. ಅತ್ತ ಧೋನಿ, ಸೈಮಂಡ್ಸ್ ಎದುರಾಳಿಗಳಾಗಿ ಆಡುತ್ತಿದ್ದರು. ಇತ್ತ ಧೋನಿಗೆ 15 ಲಕ್ಷ ಡಾಲರ್, ಸೈಮಂಡ್ಸ್‌ಗೆ 13.5 ಲಕ್ಷ ಡಾಲರ್ ಕೂಗಿದರು. ಹಳೆಯದು ಹೋಗಿ ಹೊಸದು ಬರುವುದು ಒಂದೇ ತಿಂಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ತಿಂಗಳಿಡೀ 14 ಪಂದ್ಯದ ಸರಣಿಗೆ ಇದ್ದ ಜಾಗಕ್ಕೆ ನಿಧಾನವಾಗಿ ಟಿ20 ಲೀಗ್‌ಗಳು ಬಂದು ಕೂತವು.

2025ರ ಪಾಕಿಸ್ತಾನದ ಸರಣಿಯಲ್ಲೂ ಇದರ ಪೆಟ್ಟು ಕಂಡಿತು. ದಕ್ಷಿಣ ಆಫ್ರಿಕಾದ ಟಿ20 ಲೀಗ್‌ನ ಫೈನಲ್ ಫೆಬ್ರವರಿ 8ಕ್ಕೆ, ತ್ರಿಕೋನ ಸರಣಿಯ ಮೊದಲ ಪಂದ್ಯವೂ ಫೆಬ್ರವರಿ 8ಕ್ಕೆ. ಪ್ರಮುಖ ಆಟಗಾರರಿಲ್ಲದೆ, ಹೊಸಬರನ್ನು ಕಟ್ಟಿಕೊಂಡು ದಕ್ಷಿಣ ಆಫ್ರಿಕಾ ಲಾಹೋರ್‌ಗೆ ಬಂತು. ಅದರಿಂದ ಒಂದು ಲಾಭವೂ ಆಯಿತು ಅನ್ನಿ. ಮ್ಯಾಥ್ಯೂ ಬ್ರೀಟ್ಜ್‌ಕೆ ಮೊದಲ ಏಕದಿನ ಪಂದ್ಯದಲ್ಲೇ 150 ಹೊಡೆದರು. ಪದಾರ್ಪಣೆಯಲ್ಲಿ ಅಷ್ಟು ರನ್ ಅದಕ್ಕೂ ಮೊದಲು ಯಾರೂ ಹೊಡೆದಿರಲಿಲ್ಲ. ಪಂದ್ಯ ಮಾತ್ರ ವಿಲಿಯಮ್ಸನ್ ಶತಕದ ಬಲದಲ್ಲಿ ನ್ಯೂಜಿಲೆಂಡ್ ಪಾಲಾಯಿತು.

ಬೇಕು ಅನ್ನುವವರು ಏನು ಹೇಳುತ್ತಾರೆ

ಅವರ ವಾದಕ್ಕೂ ಬಲವಿದೆ, ಅದೇ ಪಾಕಿಸ್ತಾನದ ಸರಣಿಯೇ ಸಾಕ್ಷಿ. ಪಾಕಿಸ್ತಾನ, ದಕ್ಷಿಣ ಆಫ್ರಿಕಾ ಎರಡೂ ನ್ಯೂಜಿಲೆಂಡ್‌ಗೆ ಸೋತಿದ್ದವು. ಹಾಗಾಗಿ ಫೆಬ್ರವರಿ 12ರ ಕರಾಚಿ ಪಂದ್ಯ ತಾನಾಗಿಯೇ ಸೆಮಿಫೈನಲ್ ಆಯಿತು. ದಕ್ಷಿಣ ಆಫ್ರಿಕಾ 352 ಹೊಡೆಯಿತು. ರಿಜ್ವಾನ್ 122, ಸಲ್ಮಾನ್ ಆಘಾ 134. ಪಾಕಿಸ್ತಾನ ಏಕದಿನದಲ್ಲಿ ಆವರೆಗಿನ ತನ್ನ ಅತಿ ದೊಡ್ಡ ಬೆನ್ನಟ್ಟುವಿಕೆ ಮುಗಿಸಿತು. ಅವತ್ತು ಅವರು ಸೋತಿದ್ದರೆ ಕರಾಚಿಯ ಫೈನಲ್‌ನಲ್ಲಿ ಇಬ್ಬರೂ ಹೊರಗಿನವರು. ಸಂಘಟಕರ ಎದೆ ಹೊಡೆದುಕೊಂಡದ್ದೂ, ಪಂದ್ಯಕ್ಕೆ ಕಳೆ ಬಂದದ್ದೂ ಒಂದೇ ಕಾರಣಕ್ಕೆ. ಎರಡು ತಂಡಗಳ ಸರಣಿಯಲ್ಲಿ 2-0 ಆದಮೇಲೆ ಇಂಥ ಪಂದ್ಯ ಸಿಗುವುದಿಲ್ಲ.

ಫೈನಲ್ ಗೆದ್ದ ನ್ಯೂಜಿಲೆಂಡ್‌ಗೆ ಸಿಕ್ಕಿದ್ದು ಕಪ್ ಒಂದೇ ಅಲ್ಲ. ಐದು ದಿನ ಬಿಟ್ಟು ಅದೇ ಕರಾಚಿಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಮೊದಲ ಪಂದ್ಯ, ಅದೇ ಪಾಕಿಸ್ತಾನ ಎದುರು. 60 ರನ್‌ಗಳಿಂದ ಗೆದ್ದು, ಕೊನೆಗೆ ದುಬೈಯಲ್ಲಿ ಭಾರತದ ಎದುರು ಫೈನಲ್‌ವರೆಗೂ ಹೋಯಿತು. ಪಿಚ್ ಪರಿಚಯ, ಎರಡು ಬಗೆಯ ಎದುರಾಳಿ, ಗೆಲ್ಲಲೇಬೇಕಾದ ಒತ್ತಡ, ಮೂರೂ ಒಂದೇ ವಾರದಲ್ಲಿ. ಅಭ್ಯಾಸ ಪಂದ್ಯ ಇದನ್ನು ಕೊಡುವುದಿಲ್ಲ.

ನಮ್ಮ ಮಹಿಳಾ ತಂಡದ್ದೂ ಹೆಚ್ಚುಕಮ್ಮಿ ಅದೇ ಕತೆ. ಕೊಲಂಬೊದ ಒಂದೇ ಮೈದಾನ, ಒಟ್ಟು ಏಳು ಪಂದ್ಯ. ಫೈನಲ್‌ನಲ್ಲಿ ಸ್ಮೃತಿ ಮಂಧಾನ 116, ಶ್ರೀಲಂಕಾ ವಿರುದ್ಧ 97 ರನ್‌ಗಳ ಗೆಲುವು. ಸ್ನೇಹ ರಾಣಾ 15 ವಿಕೆಟ್ ಕಿತ್ತು ಸರಣಿಶ್ರೇಷ್ಠರಾದರು. ಆರು ತಿಂಗಳಲ್ಲಿ, ನವೆಂಬರ್ 2ರಂದು, ಭಾರತ ವಿಶ್ವಕಪ್ ಗೆದ್ದಿತು. ಫೈನಲ್‌ನಲ್ಲಿ ಎದುರಿದ್ದದ್ದು ಕೊಲಂಬೊದಲ್ಲಿ ಜೊತೆಗೆ ಆಡಿದ್ದ ದಕ್ಷಿಣ ಆಫ್ರಿಕಾವೇ. ಒಂದರಿಂದಲೇ ಇನ್ನೊಂದು ಬಂತು ಎನ್ನುವುದು ಅತಿಯಾಗುತ್ತದೆ, ಆದರೆ ತಯಾರಿ ವ್ಯರ್ಥವಾಗಲಿಲ್ಲ.

ಫೈನಲ್ ಇಲ್ಲದ ಸರಣಿಯ ಗುಟ್ಟು

ಇನ್ನು ಆ ನೇಪಾಳ, ನಮೀಬಿಯಾ ಸರಣಿಗಳ ವಿಷಯ. ಅವು ಬಿಡಿ ಸರಣಿಗಳಲ್ಲ, ವಿಶ್ವಕಪ್ ಲೀಗ್ 2 ಎಂಬ ದೊಡ್ಡ ಲೀಗ್‌ನ ಕಂತುಗಳು. ಕೆನಡಾ, ನಮೀಬಿಯಾ, ನೇಪಾಳ, ನೆದರ್ಲೆಂಡ್ಸ್, ಒಮಾನ್, ಸ್ಕಾಟ್ಲೆಂಡ್, ಯುಎಇ, ಅಮೆರಿಕ, ಹೀಗೆ ಎಂಟು ತಂಡ. 2024ರ ಫೆಬ್ರವರಿಯಲ್ಲಿ ನೇಪಾಳದ ಕೀರ್ತಿಪುರದಲ್ಲಿ ಶುರು, 2026ರವರೆಗೆ ಒಟ್ಟು 24 ತ್ರಿಕೋನ ಸರಣಿ, 144 ಪಂದ್ಯ. ಪ್ರತಿ ಗೆಲುವಿನ ಅಂಕ ದೊಡ್ಡ ಪಟ್ಟಿಗೆ ಸೇರುತ್ತದೆ. ಹಾಗಾಗಿ ಕಂತಿಗೊಂದು ಫೈನಲ್ ಬೇಕಿಲ್ಲ.

ಇಲ್ಲಿ ಮೂವರನ್ನು ಒಟ್ಟಿಗೆ ಆಡಿಸುವುದು ಉಳಿತಾಯಕ್ಕೆ. ಮೂರು ತಂಡಗಳು ಜೋಡಿ ಜೋಡಿಯಾಗಿ ಆಡಬೇಕಾದರೆ ಮೂರು ಪ್ರವಾಸ ಬೇಕು. ಒಂದೇ ಊರಲ್ಲಿ ಸೇರಿದರೆ ಎರಡೇ ಪ್ರವಾಸ, ಅಂಪೈರ್‌ಗಳೂ ಒಂದೇ ಗುಂಪು. ಹೋದ ತಂಡಕ್ಕೆ ಒಂದೇ ಟಿಕೆಟ್‌ನಲ್ಲಿ ನಾಲ್ಕು ಪಂದ್ಯ. ಟಿವಿಯ ದೊಡ್ಡ ದುಡ್ಡು ಹೇಗೂ ಬರುವುದಿಲ್ಲವಾದ್ದರಿಂದ ತವರು ತಂಡ ಇಲ್ಲದ ಪಂದ್ಯದಿಂದ ಕಳೆದುಕೊಳ್ಳುವುದೂ ಇಲ್ಲ.

ಆಟವೂ ಸಪ್ಪೆಯಲ್ಲ ಮಾರಾಯ್ರೇ. 2025ರ ಫೆಬ್ರವರಿ 18ರಂದು ಮಸ್ಕತ್ ಪಕ್ಕದ ಅಲ್ ಅಮೆರಾತ್‌ನಲ್ಲಿ ಅಮೆರಿಕ 122ಕ್ಕೆ ಆಲ್‌ಔಟ್ ಆಯಿತು. ಉತ್ತರವಾಗಿ ಒಮಾನ್ 65ಕ್ಕೇ ಮುಗಿಯಿತು. ಇಡೀ ಪಂದ್ಯದಲ್ಲಿ ವೇಗದ ಬೌಲರ್ ಒಂದು ಚೆಂಡನ್ನೂ ಎಸೆಯಲಿಲ್ಲ, ಎರಡೂ ಕಡೆ ಬರೇ ಸ್ಪಿನ್. ಓವರ್ ಕಡಿತವಾಗದ ಏಕದಿನ ಪಂದ್ಯಗಳಲ್ಲಿ ಇಷ್ಟು ಸಣ್ಣ ಮೊತ್ತ ಉಳಿಸಿಕೊಂಡವರು ಬೇರೆ ಇಲ್ಲ. ಅಲ್ಲಿವರೆಗೆ ಆ ದಾಖಲೆ ಇದ್ದದ್ದು ಭಾರತದ ಹೆಸರಲ್ಲಿ. 1985ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು 125.

ಮುಂದೇನಾಗಬಹುದು

ತಿಂಗಳುಗಟ್ಟಲೆ ಎಳೆಯುವ ಹಳೇ ಮಾದರಿ ವಾಪಸ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. 12 ಲೀಗ್ ಪಂದ್ಯಗಳಲ್ಲಿ ಅರ್ಧಕ್ಕೆ ಅರ್ಧ ಯಾರಿಗೂ ನೆನಪಿರುತ್ತಿರಲಿಲ್ಲ. ಬದುಕುವ ಸಾಧ್ಯತೆ ಇರುವುದು ವಾರದಲ್ಲಿ ಮುಗಿಯುವ ನಾಲ್ಕು ಪಂದ್ಯದ ಸರಣಿಗೆ, ಅದೂ ದೊಡ್ಡ ಟೂರ್ನಿಗೆ ಮೊದಲು. ಅದರಲ್ಲಿ ತವರು ತಂಡವಿಲ್ಲದ ಲೀಗ್ ಪಂದ್ಯ ಒಂದೇ, ನಷ್ಟ ತಡೆದುಕೊಳ್ಳಬಹುದು. ಭಾರತದ ಮಂಡಳಿ ತವರಿನಲ್ಲಿ ಇಂಥದ್ದು ಇಡುವ ಲಕ್ಷಣ ಕಡಿಮೆ. ವಿದೇಶದಲ್ಲಿ, ಬೇರೆಯವರ ಖರ್ಚಿನಲ್ಲಿ ಆಡಬಹುದು.

2027ರ ವಿಶ್ವಕಪ್ ಇದಕ್ಕೆ ಇನ್ನೊಂದು ಗಂಟು ಹಾಕಿದೆ. 14 ತಂಡಗಳ ಆ ಟೂರ್ನಿಗೆ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಆತಿಥೇಯರಾಗಿ ನೇರ ಪ್ರವೇಶ ಪಡೆದಿವೆ. ಅವರನ್ನು ಬಿಟ್ಟು, 2027ರ ಮಾರ್ಚ್ 31ರ ರ್‍ಯಾಂಕಿಂಗ್‌ನಲ್ಲಿ ಮೊದಲ ಎಂಟು ತಂಡಗಳಿಗೆ ನೇರ ಜಾಗ. ತ್ರಿಕೋನ ಸರಣಿಯ ಪ್ರತಿ ಪಂದ್ಯವೂ ರ್‍ಯಾಂಕಿಂಗ್‌ಗೆ ಲೆಕ್ಕ. ತನಗಿಂತ ಕೆಳಗಿನವರ ಎದುರು ಸೋತರೆ ಅಂಕ ಜಾಸ್ತಿ ಹೋಗುತ್ತದೆ. ಎಂಟನೇ ಸ್ಥಾನದ ಆಸುಪಾಸಿನ ತಂಡ ಇಬ್ಬರು ಎದುರಾಳಿಗಳನ್ನು ಒಟ್ಟಿಗೆ ಕಟ್ಟಿಕೊಳ್ಳುವ ಮೊದಲು ಹತ್ತು ಸಲ ಯೋಚಿಸುತ್ತದೆ. ಎರಡು ಸಲ ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ 2023ರ ಟೂರ್ನಿಗೆ ಅರ್ಹತೆಯನ್ನೇ ಪಡೆಯದೆ ಮನೆಯಲ್ಲಿ ಕೂತದ್ದು ಎಲ್ಲರ ಕಣ್ಣಮುಂದೆ ಇದೆ.

ಕೊನೆಯ ನಾಲ್ಕು ಜಾಗಕ್ಕೆ ಅರ್ಹತಾ ಟೂರ್ನಿ. ಲೀಗ್ 2ರ ಮೊದಲ ನಾಲ್ವರು ಅಲ್ಲಿಗೆ ನೇರ ಹೋಗುತ್ತಾರೆ, ಕೆಳಗಿನ ನಾಲ್ವರು ಮೊದಲು ಪ್ಲೇ ಆಫ್ ದಾಟಬೇಕು. ವಿಶ್ವಕಪ್‌ನ ಕೆಲವು ಪಂದ್ಯಗಳು ನಮೀಬಿಯಾದಲ್ಲೂ ನಡೆಯುತ್ತವೆ. ಆದರೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಪೂರ್ಣ ಸದಸ್ಯತ್ವ ಇಲ್ಲದ ಕಾರಣ ಆ ತಂಡಕ್ಕೆ ಆತಿಥೇಯರ ರಿಯಾಯಿತಿ ಸಿಕ್ಕಿಲ್ಲ. ತನ್ನದೇ ನೆಲದ ವಿಶ್ವಕಪ್ ಆಡಬೇಕಾದರೂ ನಮೀಬಿಯಾ ಬರಬೇಕಾದದ್ದು ಈ ಫೈನಲ್ ಇಲ್ಲದ ತ್ರಿಕೋನ ಸರಣಿಗಳ ದಾರಿಯಲ್ಲೇ.